ಅದೇ ಹನ್ನೆರಡು ಹುಡುಗಿಯರು, ಮೂರು ಆಟ

ಜುಲೈ ತಿಂಗಳ ಯಾವುದಾದರೂ ಸಂಜೆ ರಾಯಚೂರು ಜಿಲ್ಲೆಯ ಹಿರೇಕೊಟ್ನೆಕಲ್ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಬಂದು ನೋಡಿ. ಖೊಖೊ ಕಂಬಗಳ ನಡುವೆ ಸಾಲಾಗಿ ಕೂತಿದ್ದ ಹುಡುಗಿಯರೇ ಅರ್ಧ ಗಂಟೆ ಕಳೆದ ಮೇಲೆ ಕಬಡ್ಡಿ ಅಂಕಣದಲ್ಲಿ ಕೈ ಕೈ ಹಿಡಿದು ನಿಂತಿರುತ್ತಾರೆ. ಅದಾದ ಮೇಲೆ ನೆಟ್ ಕಟ್ಟಿದರೆ ಥ್ರೋಬಾಲ್‌ಗೂ ಅವರೇ. ಮೇಲಾಟ ಬಂತೆಂದರೆ ಅವರಲ್ಲೇ ನಾಲ್ವರು ರಿಲೇ ಓಡುತ್ತಾರೆ, ಒಬ್ಬಳು ಉದ್ದಜಿಗಿತಕ್ಕೂ ಹೆಸರು ಕೊಟ್ಟಿರುತ್ತಾಳೆ. ಆರರಿಂದ ಎಂಟನೇ ತರಗತಿವರೆಗೆ ಇರುವುದೇ ನಲವತ್ತು ಐವತ್ತು ಹುಡುಗಿಯರು. ಅವರಲ್ಲಿ ಮೈದಾನಕ್ಕೆ ಇಳಿಯುವವರು ಹನ್ನೆರಡು ಹದಿನಾಲ್ಕು ಮಂದಿ. ದೊಡ್ಡ ಊರಿನ ದೊಡ್ಡ ಶಾಲೆಯಲ್ಲಿ ಖೊಖೊಗೆ ಒಂದು ತಂಡ, ಕಬಡ್ಡಿಗೆ ಇನ್ನೊಂದು ತಂಡ ಕಟ್ಟಬಹುದು. ನಮ್ಮಲ್ಲಿ ತಂಡ ಒಂದೇ, ಆಟ ಮಾತ್ರ ಬದಲಾಗುತ್ತದೆ.

ನಾನು ಮಾನ್ವಿ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಕ್ರೀಡಾಕೂಟದ ದಿನ ಊರವರ ಕಣ್ಣಿಗೆ ಬೀಳುವುದು ಸೀಟಿ, ಬಾವುಟ, ಪ್ರಶಸ್ತಿ ಫಲಕ. ಗೆಲುವು ಸೋಲಿನ ಒಂದು ಭಾಗ ಅದಕ್ಕಿಂತ ಮೊದಲೇ, ಯಾವ ಪಂದ್ಯ ಎಷ್ಟು ಗಂಟೆಗೆ ಎಂದು ಬರೆದ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ಮೇಷ್ಟ್ರುಗಳು ಅದನ್ನು ‘ಟೈಸ್ ಹಾಕುವುದು’ ಅನ್ನುತ್ತೇವೆ. ಈ ಟೈಸ್‌ನ ಬಗ್ಗೆ ತಂದೆ ತಾಯಂದಿರಿಗೂ ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಶಾಲಾ ಕ್ರೀಡೆಗೆ ಮೆಟ್ಟಿಲುಗಳಿವೆ. ಮೊದಲು ವಲಯ ಅಥವಾ ಹೋಬಳಿ ಮಟ್ಟ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಅಲ್ಲಿಂದ ಆಚೆಗೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ವಯಸ್ಸಿನ ವಿಂಗಡಣೆ. ನಮ್ಮ ರಾಯಚೂರು ಜಿಲ್ಲೆ ಕಲಬುರಗಿ ವಿಭಾಗಕ್ಕೆ ಸೇರಿದ್ದು. ಬೀದರಿನಿಂದ ಬಳ್ಳಾರಿ, ವಿಜಯನಗರದವರೆಗಿನ ಏಳು ಜಿಲ್ಲೆಗಳ ಮಕ್ಕಳು ವಿಭಾಗ ಮಟ್ಟದಲ್ಲಿ ಎದುರಾಗುತ್ತಾರೆ. ತಾರೀಖು ಮಾತ್ರ ಇಳಿಯುವುದು ಮೇಲಿನಿಂದ. ರಾಷ್ಟ್ರ ಮಟ್ಟದ ದಿನ ನೋಡಿಕೊಂಡು ರಾಜ್ಯದವರು, ರಾಜ್ಯದ್ದು ನೋಡಿಕೊಂಡು ವಿಭಾಗದವರು, ಹಾಗೇ ಕೆಳಗೆ. ಕಟ್ಟಕಡೆಗೆ ವಲಯಕ್ಕೆ ಉಳಿಯುವುದು ಆಗಸ್ಟ್ ತಿಂಗಳ ಕೆಲವು ದಿನ. ಅದೇ ತಿಂಗಳಲ್ಲಿ ನಮ್ಮ ಎರೆ ನೆಲ ಮಳೆ ಕುಡಿದು ಕೂತಿರುತ್ತದೆ. ಎರಡು ದಿನ ಸುರಿದರೆ ಮೈದಾನದಲ್ಲಿ ಓಡುವುದಿರಲಿ, ನಡೆದರೂ ಕಾಲಿಗೆ ಸೇರುಗಟ್ಟಲೆ ಮಣ್ಣು ಅಂಟಿ ಬರುತ್ತದೆ. ಕೂಟ ಮುಂದಕ್ಕೆ ಹೋಗುತ್ತದೆ, ಆದರೆ ಜಿಲ್ಲೆಯ ತಾರೀಖು ಮುಂದಕ್ಕೆ ಹೋಗುವುದಿಲ್ಲ. ಎರಡು ದಿನ ನಡೆಯಬೇಕಾದ ಪಂದ್ಯಗಳು ಒಂದೇ ದಿನಕ್ಕೆ ಬಂದು ಬೀಳುತ್ತವೆ.

ಆ ಒಂದು ದಿನದ ಲೆಕ್ಕ ಹಾಕಿ ನೋಡೋಣ. ಎಂಟು ಶಾಲೆಗಳು ಬಂದಿವೆ ಎಂದಿಟ್ಟುಕೊಳ್ಳಿ. ಸೋತವರು ಹೊರಗೆ ಹೋಗುವ ನಾಕೌಟ್ ಪದ್ಧತಿ. ಎಂಟು ತಂಡ ಇದ್ದರೆ ಒಟ್ಟು ಏಳು ಪಂದ್ಯ, ಗೆಲ್ಲುವ ತಂಡಕ್ಕೆ ಮೂರು ಸುತ್ತು. ನಮ್ಮ ಹುಡುಗಿಯರು ಖೊಖೊ, ಕಬಡ್ಡಿ, ಥ್ರೋಬಾಲ್ ಮೂರರಲ್ಲೂ ಫೈನಲ್ ಮುಟ್ಟಿದರೆ ಒಬ್ಬೊಬ್ಬಳಿಗೆ ಒಂಬತ್ತು ಪಂದ್ಯ! ಹದಿಮೂರು ವರ್ಷದ ಮಗು, ಆಗಸ್ಟಿನ ಸೆಕೆ, ಬೆಳಗಿನಿಂದ ಸಂಜೆಯೊಳಗೆ ಒಂಬತ್ತು. ಕಿರಿಯರ ಕಬಡ್ಡಿ ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ಖೊಖೊದಲ್ಲಿ ನಾಲ್ಕು ಸರದಿ, ಎರಡು ಅಟ್ಟುವುದು, ಎರಡು ಓಡುವುದು. ದೊಡ್ಡವರಿಗೆ ಸರದಿಗೆ ಒಂಬತ್ತು ನಿಮಿಷ, ಚಿಕ್ಕವರಿಗೆ ಏಳು. ಇದರ ಮೇಲೆ ರಿಲೇ.

ಇನ್ನು ಒಂದೇ ಹೊತ್ತಿಗೆ ಎರಡು ಕಡೆ ಕರೆದರೆ? ಒಂದು ತಾಲ್ಲೂಕು ಕೂಟದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹುಡುಗಿಯರ ಖೊಖೊ ಸೆಮಿಫೈನಲ್, ಕೊನೆಯ ಸರದಿ. ಖೊಖೊದಲ್ಲಿ ಓಡುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಎರಡು ಗುಂಪು ಔಟಾಗಿ ಮೂರನೆಯದು ಇಳಿದಿತ್ತು. ಅದರಲ್ಲಿ ಎಂಟನೇ ತರಗತಿಯ ಒಬ್ಬಳು, ಸಣ್ಣ ದೇಹ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಕೂತವರ ನಡುವಿನಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನುಸುಳಿ, ಕಂಬದ ಹತ್ತಿರ ಅಟ್ಟುವವಳನ್ನು ಸುತ್ತಿಸಿ ಸುತ್ತಿಸಿ ಹೊತ್ತು ಕಳೆಯುತ್ತಿದ್ದಳು. ಇನ್ನು ಒಂದೂವರೆ ನಿಮಿಷ ನಿಂತರೆ ಪಂದ್ಯ ಅವರದು. ಅಷ್ಟರಲ್ಲಿ ಮೈಕಿನಲ್ಲಿ ಅವಳ ಶಾಲೆಯ ಹೆಸರು ಕೇಳಿಸಿತು: ಬಾಲಕಿಯರ ಕಬಡ್ಡಿ ತಂಡ ಕೂಡಲೇ ಅಂಕಣಕ್ಕೆ ಬರಬೇಕು, ಇದು ಕೊನೆಯ ಕರೆ. ಹುಡುಗಿ ಕತ್ತು ತಿರುಗಿಸಿದಳು, ಅಷ್ಟೇ. ಬೆನ್ನ ಮೇಲೆ ಕೈ ಬಿತ್ತು. ಹೊರಗೆ ಬಂದವಳು ಮೊಣಕಾಲಿಗೆ ಕೈಯೂರಿ ಉಸಿರು ಬಿಡುತ್ತಾ, “ಸರ್, ಅಲ್ಲಿನೂ ನಮ್ಮನ್ನೇ ಕರಿಯಾಕತ್ತಾರ್ರಿ, ಹ್ಯಾಂಗ್ ಮಾಡೂದ್ರಿ?” ಅಂದಳು. ಖೊಖೊ ಸೋತಿತು. ಕಬಡ್ಡಿ ಅಂಕಣಕ್ಕೆ ಓಡಿ ಹೋಗುವಷ್ಟರಲ್ಲಿ ಎದುರಿನ ತಂಡಕ್ಕೆ ವಾಕ್‌ಓವರ್ ಕೊಟ್ಟಾಗಿತ್ತು. ರೆಫರಿ ಮಾಡಿದ್ದು ನಿಯಮದ ಪ್ರಕಾರವೇ. ಇಡೀ ವರ್ಷ ಕಲಿತದ್ದು ಆ ಹುಡುಗಿಯರಿಗೆ ಹತ್ತು ನಿಮಿಷದಲ್ಲಿ ಕೈ ತಪ್ಪಿತು.

ಇದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ. ಖೊಖೊ ಟೈಸ್ ಹಾಕುವವರು ಒಬ್ಬರು, ಕಬಡ್ಡಿಯದು ಇನ್ನೊಬ್ಬರು, ಮೇಲಾಟದ್ದು ಮತ್ತೊಬ್ಬರು. ಪ್ರತಿಯೊಬ್ಬರೂ ತಮ್ಮ ಆಟದ ಚೀಟಿ ತಾವು ಎತ್ತುತ್ತಾರೆ, ತಮ್ಮ ಹಾಳೆ ತಾವು ತುಂಬುತ್ತಾರೆ. ಒಂದೊಂದು ಹಾಳೆ ನೋಡಿದರೆ ಒಂದು ತಪ್ಪೂ ಇಲ್ಲ. ಮೂರನ್ನೂ ಒಂದರ ಪಕ್ಕ ಒಂದಿಟ್ಟರೆ ಮಾತ್ರ ಒಂದೇ ಮಗು ಒಂದೇ ಹೊತ್ತಿಗೆ ಮೂರು ಕಡೆ ನಿಂತಿರುವುದು ಕಾಣುತ್ತದೆ. ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ಇದರ ಪೆಟ್ಟು ತಿನ್ನುವುದು ಚಿಕ್ಕ ಶಾಲೆ. ಆಟಕ್ಕೊಂದು ತಂಡ ಇರುವ ಶಾಲೆಗೆ ಮೂರು ಕಡೆ ಕರೆದರೂ ಚಿಂತೆಯಿಲ್ಲ.

ಪರಿಹಾರ ನಮ್ಮ ಕೈಯಲ್ಲೇ ಇದೆ. ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು. ಆಟಕ್ಕೊಂದರಂತೆ ಚೀಟಿ ಎತ್ತುವ ಬದಲು ಶಾಲೆಗಳ ಹೆಸರಿನಲ್ಲಿ ಒಂದೇ ಸಲ ಚೀಟಿ ಎತ್ತಬೇಕು. ಬಂದ ಕ್ರಮದಲ್ಲಿ ಒಂದರಿಂದ ಎಂಟರವರೆಗೆ ಸಂಖ್ಯೆ. ಎಲ್ಲ ಆಟಕ್ಕೂ ಅದೇ ಸಂಖ್ಯೆ. ಒಂದರಿಂದ ನಾಲ್ಕು ಮೇಲಿನ ಅರ್ಧ, ಐದರಿಂದ ಎಂಟು ಕೆಳಗಿನ ಅರ್ಧ. ಈಗ ಬೆಳಗಿನ ಮೊದಲ ಸರದಿಯಲ್ಲಿ ಮೇಲಿನ ಅರ್ಧದವರು ಖೊಖೊ ಆಡಲಿ, ಕೆಳಗಿನ ಅರ್ಧದವರು ಕಬಡ್ಡಿ ಆಡಲಿ. ಎರಡನೇ ಸರದಿಯಲ್ಲಿ ಅದಲು ಬದಲು. ಯಾವ ಶಾಲೆಗೂ ಎರಡು ಕಡೆ ಕರೆ ಬರುವುದಿಲ್ಲ.

ಈ ಪದ್ಧತಿಯ ಸೊಗಸು ಸೆಮಿಫೈನಲ್‌ನಲ್ಲಿದೆ. ಯಾರು ಗೆಲ್ಲುತ್ತಾರೋ ಮೊದಲೇ ಹೇಳುವವರು ಯಾರು? ಆದರೆ ಒಂದು ಮಾತ್ರ ಖಾತ್ರಿ. ಮೇಲಿನ ಅರ್ಧದ ಖೊಖೊ ಸೆಮಿಗೆ ಬರುವವರು ಒಂದರಿಂದ ನಾಲ್ಕರೊಳಗಿನವರೇ, ಕೆಳಗಿನ ಅರ್ಧದ ಕಬಡ್ಡಿ ಸೆಮಿಗೆ ಬರುವವರು ಐದರಿಂದ ಎಂಟರೊಳಗಿನವರೇ. ಅವೆರಡನ್ನು ಒಂದೇ ಹೊತ್ತಿಗೆ ಇಟ್ಟರೆ ಗೆದ್ದವರು ಯಾರೇ ಆಗಿರಲಿ, ಡಿಕ್ಕಿ ಆಗುವ ಮಾತೇ ಇಲ್ಲ. ಫೈನಲ್‌ಗಳನ್ನು ಮಾತ್ರ ಒಂದಾದ ಮೇಲೊಂದು ಆಡಿಸಬೇಕು, ಏಕೆಂದರೆ ಅಲ್ಲಿ ಎರಡೂ ಅರ್ಧದವರು ಸೇರುತ್ತಾರೆ. ಥ್ರೋಬಾಲನ್ನೂ ಸೇರಿಸುವುದಾದರೆ ಒಂದು ಹೊತ್ತಿಗೆ ಎರಡೇ ಆಟ ನಡೆಯಲಿ, ಮೂರನೆಯದು ಕಾಯಲಿ. ಹನ್ನೊಂದು ಶಾಲೆ ಬಂದರೂ ಇದೇ ಕ್ರಮ: ಹದಿನಾರರ ಚೌಕಟ್ಟು ಹಾಕಿ ಐದು ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಟ್ಟರಾಯಿತು, ಅರ್ಧಗಳು ಅರ್ಧಗಳಾಗಿಯೇ ಉಳಿಯುತ್ತವೆ.

ಅದಲು ಬದಲಿನಲ್ಲಿ ಒಂದು ತೊಂದರೆ ಇದೆ. ಖೊಖೊ ಮುಗಿಸಿದ ಹುಡುಗಿಯರು ದಣಿವಾರುವ ಮೊದಲೇ ಕಬಡ್ಡಿಗೆ ಇಳಿಯಬೇಕಾಗುತ್ತದೆ. ಅದಕ್ಕೆ ನಡುವೆ ಹುಡುಗರ ಸರದಿ ಹಾಕಬೇಕು. ಹುಡುಗಿಯರು, ಹುಡುಗರು, ಮತ್ತೆ ಹುಡುಗಿಯರು, ಮತ್ತೆ ಹುಡುಗರು. ಅಂಕಣ ಖಾಲಿ ಬೀಳುವುದಿಲ್ಲ, ಮಕ್ಕಳಿಗೆ ಒಂದು ಸರದಿಯಷ್ಟು ನೆರಳು ಸಿಗುತ್ತದೆ, ತುಸು ಉಪ್ಪು ಹಾಕಿದ ಮಜ್ಜಿಗೆ ಕುಡಿಯಲು ಹೊತ್ತು ಸಿಗುತ್ತದೆ. ಬಸ್‌ಸ್ಟ್ಯಾಂಡಿನ ಒಗ್ಗರಣಿ ಮಿರ್ಚಿ ಗಬಗಬ ತಿಂದು ಆಡಲು ಹೋಗಿ ಹೊಟ್ಟೆ ಹಿಡಿದುಕೊಂಡು ಕೂರುವ ಮಕ್ಕಳನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಊಟದ ಹೊತ್ತನ್ನು ಟೈಸ್ ಹಾಳೆಯಲ್ಲೇ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಆದರೂ ಒಂದು ದಿನ ಸಾಲದು. ಒಂದು ಖೊಖೊ ಅಂಕಣದಲ್ಲಿ ಎಂಟು ಶಾಲೆಯ ಹುಡುಗರು ಹುಡುಗಿಯರು ಆಡಿದರೆ ಹದಿನಾಲ್ಕು ಪಂದ್ಯ. ಪಂದ್ಯಕ್ಕೆ ನಲವತ್ತು ನಿಮಿಷ ಹಿಡಿದರೂ ಒಂಬತ್ತು ಗಂಟೆ ದಾಟುತ್ತದೆ. ಉದ್ಘಾಟನೆ, ಭಾಷಣ, ಸನ್ಮಾನ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆಗ ನಿಮಿಷಗಳಿಗೆ ಕತ್ತರಿ ಬೀಳುತ್ತದೆ, ಏಳು ನಿಮಿಷದ ಸರದಿ ಐದಾಗುತ್ತದೆ, ಮೂರಾಗುತ್ತದೆ. ಮೂರು ನಿಮಿಷದಲ್ಲಿ ಯಾವ ಮಗುವಿನ ಆಟವೂ ತೆರೆದುಕೊಳ್ಳುವುದಿಲ್ಲ. ಎರಡು ದಿನ ಬೇಕು, ಮೇಲಾಟಕ್ಕೆ ಬೇರೆಯೇ ದಿನ ಬೇಕು. ಭಾಷಣ ಕಡಿಮೆಯಾದರೂ ನಡೆಯುತ್ತದೆ.

ಮೇಲಾಟದ ಒಳಗೂ ಇದೇ ಗೊಂದಲ ಇದೆ. ಆದರೆ ಅಲ್ಲಿ ಜಗತ್ತಿನ ಅಥ್ಲೆಟಿಕ್ಸ್ ಸಂಸ್ಥೆಯೇ ದಾರಿ ಹಾಕಿಕೊಟ್ಟಿದೆ. ಒಬ್ಬ ಕ್ರೀಡಾಪಟು ಓಟಕ್ಕೂ ಉದ್ದಜಿಗಿತಕ್ಕೂ ಒಂದೇ ಹೊತ್ತಿಗೆ ಹೋಗಬೇಕಾದರೆ, ಆ ಸುತ್ತಿನಲ್ಲಿ ತನ್ನ ಜಿಗಿತವನ್ನು ಪಟ್ಟಿಯ ಕ್ರಮ ಬಿಟ್ಟು ಮೊದಲೋ ಆಮೇಲೋ ಮಾಡಲು ರೆಫರಿ ಅನುಮತಿ ಕೊಡಬಹುದು. ಜಿಗಿತ, ಎಸೆತಗಳ ಕೊನೆಯ ಸುತ್ತಿನಲ್ಲಿ ಮಾತ್ರ ಕ್ರಮ ಬದಲಿಸುವಂತಿಲ್ಲ. ಇದನ್ನು ಕೇಳಿ ಪಡೆಯಬೇಕು, ತಾನಾಗಿ ಸಿಗುವುದಿಲ್ಲ. ಮಗಳೋ ಮಗನೋ ನೂರು ಮೀಟರ್ ಓಡಿ ಜಿಗಿತದ ಗುಂಡಿಗೆ ಬರುವಷ್ಟರಲ್ಲಿ ಹೆಸರು ಕೂಗಿ ಮುಗಿಯಿತೆಂದು ಅಳುತ್ತಿದ್ದರೆ, ನೇರ ರೆಫರಿಯ ಹತ್ತಿರ ಹೋಗಿ ಈ ನಿಯಮ ನೆನಪಿಸಬೇಕು. ಓಟಕ್ಕೆ ಹೋಗುವ ಮೊದಲೇ ಹೇಳಿ ಹೋಗಿದ್ದರೆ ಇನ್ನೂ ಒಳ್ಳೆಯದು.

ಒಂದೇ ಮಗು ಹಲವು ಆಟ ಆಡುವುದು ನಮ್ಮ ಬಡತನದ ಗುರುತು ಎಂದು ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಬೆಳೆಯುವ ದೇಹಕ್ಕೆ ಅದೇ ಹಿತ. ಚಿಕ್ಕವಯಸ್ಸಿನಲ್ಲೇ ಒಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕಬೇಡಿ, ಹದಿನೈದು ಹದಿನಾರರವರೆಗೆ ಕಾಯಿರಿ, ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ ಎಂಬ ಇನ್ನೊಂದು ಅಳತೆಯನ್ನೂ ಕ್ರೀಡಾ ವೈದ್ಯರು ಹೇಳುತ್ತಾರೆ. ಹನ್ನೆರಡರ ಮಗುವಿಗೆ ವಾರಕ್ಕೆ ಹನ್ನೆರಡು ಗಂಟೆ. ಖೊಖೊದ ಓಟದಲ್ಲಿ ಮೈ ಹಗುರಾದ ಹುಡುಗಿ ಕಬಡ್ಡಿಯ ದಾಳಿಯಲ್ಲಿ ಸಲೀಸಾಗಿ ತಪ್ಪಿಸಿಕೊಳ್ಳುತ್ತಾಳೆ. ಕಬಡ್ಡಿಯಲ್ಲಿ ಬೀಳುವುದು ಕಲಿತವಳು ಖೊಖೊದಲ್ಲಿ ಡೈವ್ ಹಾಕಲು ಹೆದರುವುದಿಲ್ಲ.

ಹಲವು ಆಟ ಒಳ್ಳೆಯದು ಎಂದರೆ ಹಲವು ಆಟ ಒಂದೇ ದಿನ ಒಳ್ಳೆಯದು ಎಂದಲ್ಲ. ಹನ್ನೊಂದರಿಂದ ಹದಿನಾಲ್ಕರ ನಡುವೆ ಮಕ್ಕಳು ಸರ್ರನೆ ಎತ್ತರವಾಗುತ್ತಾರೆ. ಆಗ ಮೊಣಕಾಲ ಚಿಪ್ಪಿನ ಕೆಳಗೆ, ಸ್ನಾಯು ಎಲುಬಿಗೆ ಹಿಡಿದುಕೊಳ್ಳುವ ಜಾಗದಲ್ಲಿ, ನೋವಿನ ಗಂಟು ಕಾಣಿಸಿಕೊಳ್ಳುವುದುಂಟು. ವೈದ್ಯರು ಅದನ್ನು ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಕೂತಲ್ಲಿಂದ ಚಂಗನೆ ಏಳುವುದು, ಓಡುತ್ತಾ ಗಕ್ಕನೆ ನಿಲ್ಲುವುದು, ಮತ್ತೆ ಮತ್ತೆ ಜಿಗಿಯುವುದು ಆ ಜಾಗವನ್ನೇ ಎಳೆಯುತ್ತವೆ. ಮಗು ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡರೆ, ‘ಬೆಳೆಯೋ ನೋವು, ಹೋಗ್ತದ’ ಅಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ, ಕೆಲವು ವಾರ ಆಟದ ಹೊರೆ ಇಳಿಸಿ.

ಈ ತಲೆನೋವು ನಮಗೊಬ್ಬರಿಗೇ ಅಲ್ಲ. ಐರ್ಲೆಂಡ್ ದೇಶದಲ್ಲಿ ಊರೂರಿಗೂ ಗೇಲಿಕ್ ಆಟಗಳ ಕ್ಲಬ್ ಇದೆ. ಕೋಲು ಹಿಡಿದು ಆಡುವ ಹರ್ಲಿಂಗ್, ಕೈ ಕಾಲು ಎರಡನ್ನೂ ಬಳಸುವ ಗೇಲಿಕ್ ಫುಟ್‌ಬಾಲ್. ಹೆಣ್ಣುಮಕ್ಕಳ ಹರ್ಲಿಂಗಿಗೆ ಕಮೋಗಿ ಎಂದು ಹೆಸರು. ಅಲ್ಲೂ ಚಿಕ್ಕ ಊರುಗಳಲ್ಲಿ ಅದೇ ಮಕ್ಕಳು ಎರಡೂ ಆಡುತ್ತಾರೆ. ಗಂಡಸರ ಆಟಗಳ ಸಂಸ್ಥೆ ಹುಟ್ಟಿದ್ದು 1884ರಲ್ಲಿ, ಕಮೋಗಿಯದು 1904ರಲ್ಲಿ, ಮಹಿಳಾ ಫುಟ್‌ಬಾಲಿನದು 1974ರಲ್ಲಿ. ಅಂದರೆ ಒಬ್ಬ ಹುಡುಗಿ ಕಮೋಗಿಯನ್ನೂ ಫುಟ್‌ಬಾಲನ್ನೂ ಆಡಿದರೆ ಅವಳ ದಿನಚರಿ ಬರೆಯುವವರು ಎರಡು ಬೇರೆ ಬೇರೆ ಸಂಸ್ಥೆಯವರು. ಡಿಕ್ಕಿ ಆಗದೆ ಇರುತ್ತದೆಯೇ? ಕಾರ್ಕ್ ಎಂಬ ಕೌಂಟಿಯ ರೀನಾ ಬಕ್ಲಿ 2012ರಲ್ಲಿ ಫುಟ್‌ಬಾಲ್ ತಂಡಕ್ಕೂ 2017ರಲ್ಲಿ ಕಮೋಗಿ ತಂಡಕ್ಕೂ ನಾಯಕಿಯಾಗಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದರು. ಎರಡೂ ಆಟ ಸೇರಿ ಅವರ ಬಳಿ ಅಂಥ 18 ಪದಕಗಳಿವೆ. ಒಂದನ್ನು ಬಿಡು ಎಂದು ಚಿಕ್ಕವಳಿದ್ದಾಗಲೇ ಯಾರಾದರೂ ಹಟ ಹಿಡಿದಿದ್ದರೆ ಆ ಪದಕಗಳಲ್ಲಿ ಅರ್ಧದಷ್ಟು ಹೋಗುತ್ತಿದ್ದವು. ಈಗ ಮೂರೂ ಸಂಸ್ಥೆಗಳನ್ನು ಒಂದೇ ಸೂರಿನಡಿ ತರಲು ಅಲ್ಲಿನ ಮಾಜಿ ರಾಷ್ಟ್ರಪತಿ ಮೇರಿ ಮೆಕಲೀಸ್ ಅವರ ನೇತೃತ್ವದ ಸಮಿತಿ 2027ರ ಗುರಿ ಇಟ್ಟುಕೊಂಡಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಸಂಸ್ಥೆಗಳು ‘ಗೋ ಗೇಮ್ಸ್’ ಎಂಬ ಪದ್ಧತಿ ಇಟ್ಟಿವೆ. ಅದರಲ್ಲಿ ಬಂದ ಪ್ರತಿ ಮಗುವೂ ಪೂರ್ತಿ ಆಡುತ್ತದೆ, ಕಪ್ಪಿಗಾಗಿ ಜಗಳ ಇಲ್ಲ. ನಮ್ಮ ಬೆಂಚಿನ ಮೇಲೆ ಕೂತೇ ಮನೆಗೆ ಹೋಗುವ ಮಕ್ಕಳನ್ನು ನೋಡುವಾಗ ನನಗೆ ಅದು ಬಹಳ ಹಿಡಿಸುತ್ತದೆ.

ಸಂಸ್ಥೆಗಳನ್ನು ಒಂದು ಮಾಡುವಷ್ಟು ದೂರ ನಾವು ಹೋಗಬೇಕಿಲ್ಲ. ನಮ್ಮಲ್ಲಿ ಎಲ್ಲ ಆಟವನ್ನೂ ನಡೆಸುವುದು ಅದೇ ಶಿಕ್ಷಣ ಇಲಾಖೆ, ಅದೇ ಮೇಷ್ಟ್ರುಗಳು.

ಆದರೆ ನಮ್ಮ ಪಂಚಾಂಗದಲ್ಲಿ ಐರ್ಲೆಂಡಿನವರಿಗಿಲ್ಲದ ಸಂಗತಿಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ. ತಾಯಂದಿರು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ, ತಮ್ಮ-ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲಿ ನಿಲ್ಲುತ್ತಾಳೆ. ನಮ್ಮ ಅತ್ಯುತ್ತಮ ಓಟಗಾರ್ತಿ ಹೆಚ್ಚಿನ ಸಲ ಆ ದೊಡ್ಡ ಮಗಳೇ ಆಗಿರುತ್ತಾಳೆ. ದಸರಾ ಕಳೆದರೆ ಹತ್ತಿ ಬಿಡಿಸುವ ಕೆಲಸ. ಶ್ರಾವಣದಲ್ಲಿ ಮಂತ್ರಾಲಯದ ಆರಾಧನೆ ಬಂದರೆ ರಾಯಚೂರಿನ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ಮೂರು ದಿನ ಜಿಲ್ಲಾ ಕೂಟ ಇಡಬಾರದು. ಪ್ರತಿಭಾ ಕಾರಂಜಿಯೂ ಇದೇ ತಿಂಗಳುಗಳಲ್ಲಿ. ಓಡುವ ಹುಡುಗಿಯೇ ಜಾನಪದ ನೃತ್ಯಕ್ಕೂ ಹೆಸರು ಕೊಟ್ಟಿರುತ್ತಾಳೆ. ಆಗಸ್ಟ್ 15ರ ಕವಾಯತು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಅದರ ಹಿಂದೆಯೇ ಅರ್ಧವಾರ್ಷಿಕ ಪರೀಕ್ಷೆ. ತಾರೀಖು ಗೊತ್ತುಮಾಡುವವರ ಮೇಜಿನ ಮೇಲೆ ಇವೆಲ್ಲ ಬರೆದ ಒಂದು ಕ್ಯಾಲೆಂಡರ್ ಇದ್ದರೆ ಸಾಕು, ಅರ್ಧ ಜಗಳ ಮುಗಿಯುತ್ತದೆ.

ಎರಡು ದಿನದ ಕೂಟ ಎಂದ ಕೂಡಲೇ ಮುಖ್ಯಗುರುಗಳು ಕೇಳುವುದು ಖರ್ಚಿನ ಮಾತು. ಅದು ನ್ಯಾಯವೂ ಹೌದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆಧಾರ್ ಕಾರ್ಡ್ ಜೊತೆಗಿದ್ದರೆ ಮಾನ್ವಿಗೂ ರಾಯಚೂರಿಗೂ ತಂಡ ಕರೆದೊಯ್ಯುವುದು ಮೊದಲಿಗಿಂತ ಹಗುರಾಗಿದೆ. ಹುಡುಗರಿಗೆ ಆ ಅನುಕೂಲ ಇಲ್ಲ. ಬಸ್ಸು ಹೊತ್ತಿಗೆ ಬಾರದ ಊರುಗಳಿಂದ ಟಂಟಂ, ಕ್ರೂಸರ್ ಮಾಡಿಕೊಂಡೇ ಬರಬೇಕು. ಆ ದುಡ್ಡು ಎಷ್ಟೋ ಕಡೆ ಮೇಷ್ಟ್ರ ಜೇಬಿನಿಂದ ಹೋಗುತ್ತದೆ. ಎಸ್‌ಡಿಎಂಸಿಯವರು, ಗ್ರಾಮ ಪಂಚಾಯಿತಿಯವರು ಪ್ರಶಸ್ತಿ ಫಲಕ ಕೊಡಿಸುವ ಬದಲು ಎರಡನೇ ದಿನದ ಗಾಡಿ ಬಾಡಿಗೆ ಕೊಡಲಿ ಎಂದು ನಾನು ಬಹಿರಂಗವಾಗಿಯೇ ಕೇಳುತ್ತೇನೆ.

ಇಷ್ಟೆಲ್ಲ ಕೇಳುವುದು ಹಲವು ಆಟ ಆಡುವ ಆಸೆಯಿರುವ ಈ ಮಕ್ಕಳಿಗಾಗಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದಾಗ ಭಾರತದ ಗಂಡಸರೂ ಹೆಂಗಸರೂ ಗೆದ್ದರು. ಆ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದರು. ಆ ಫೈನಲ್ಲನ್ನು ನಮ್ಮ ಹುಡುಗಿಯರಿಗೆ ಮೊಬೈಲಿನಲ್ಲಿ ತೋರಿಸಿದೆ. ಪಂದ್ಯ ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: “ಅಕ್ಕಾ ಕಬಡ್ಡಿನೂ ಆಡ್ತಾರೇನ್ರಿ ಸರ್?”

ಮುಂದಿನ ವಲಯ ಸಭೆಗೆ ಬರುವ ದೈಹಿಕ ಶಿಕ್ಷಕರಲ್ಲಿ, ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳ ಮುಖ್ಯಗುರುಗಳಲ್ಲಿ ನನ್ನದು ಒಂದು ವಿನಂತಿ. ಕೂಟಕ್ಕೆ ಎಂಟು ದಿನ ಮೊದಲು ತಂಡಗಳ ಪಟ್ಟಿ ಕಳಿಸುವಾಗ ಆಟಕ್ಕೊಂದು ಹಾಳೆ ಬರೆಯಬೇಡಿ. ಎಡಗಡೆ ಮಕ್ಕಳ ಹೆಸರು, ಮೇಲ್ಗಡೆ ಆಟಗಳ ಹೆಸರು, ಯಾರು ಯಾವುದಕ್ಕೆ ಬರುತ್ತಾರೋ ಅಲ್ಲಿ ಒಂದು ಟಿಕ್. ಒಂದೇ ಹೆಸರಿನ ಎದುರು ಮೂರು ಟಿಕ್ ಇದ್ದರೆ ಟೈಸ್ ಹಾಕುವವರಿಗೆ ತಾನಾಗಿ ಕಾಣುತ್ತದೆ. ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಶಾಲೆಗೊಂದು ಚೀಟಿ ಎತ್ತಿ, ಮೇಲಿನ ಅರ್ಧ ಕೆಳಗಿನ ಅರ್ಧ ಮಾಡಿಕೊಂಡರೆ ಕೆಲಸ ಚಹಾ ಬರುವುದರೊಳಗೆ ಮುಗಿಯುತ್ತದೆ. ಅಂಪೈರಿಂಗ್ ಮಾಡುವ ಮೇಷ್ಟ್ರುಗಳ ಹೆಸರನ್ನೂ ಅದೇ ಹಾಳೆಯ ಕೆಳಗೆ ಬರೆಯಿರಿ, ತಮ್ಮ ಶಾಲೆಯ ಮಕ್ಕಳು ಆಡುವ ಹೊತ್ತಿಗೆ ಅವರು ಇನ್ನೊಂದು ಅಂಕಣದಲ್ಲಿ ಸೀಟಿ ಹಿಡಿದು ನಿಲ್ಲಬೇಕಾಗದಿರಲಿ.